ಸ್ಲೈಡಿನಲ್ಲಿ ಪ್ಯಾರಸೈಟ್ ಕಮ್ಮಿ, ಆದರೂ ರಕ್ತ ಯಾಕೆ ಇಷ್ಟು ಇಳಿದಿದೆ?

ಲ್ಯಾಬ್ ಕೆಲಸಕ್ಕೆ ಹೊಸದಾಗಿ ಸೇರಿದವರು ಇದನ್ನು ಕೇಳದೆ ಬಿಡುವುದಿಲ್ಲ. ಸ್ಲೈಡಿನಲ್ಲಿ ಮಲೇರಿಯಾ ಪ್ಯಾರಸೈಟ್ ಹುಡುಕಿ ಹುಡುಕಿ ಕಣ್ಣು ನೋಯಬೇಕು, ಅಷ್ಟು ಕಮ್ಮಿ, ಹಿಮೋಗ್ಲೋಬಿನ್ ನೋಡಿದರೆ 6ಕ್ಕೆ ಬಂದಿದೆ, ಮೆಷಿನ್ ಕೆಟ್ಟಿದೆಯಾ ಸರ್? ಮೆಷಿನ್ ಸರಿಯಾಗೇ ಇದೆ. ಎರಡು ರಿಪೋರ್ಟೂ ನಿಜ.

ಪ್ಯಾರಸೈಟ್ ಹೊಕ್ಕ ಕೆಂಪು ರಕ್ತಕಣ ಒಡೆಯುತ್ತದೆ, ಅದು ಎಲ್ಲರಿಗೂ ಗೊತ್ತು. ಮಲೇರಿಯಾದ ಎರಡು ಬಗೆ ಫಾಲ್ಸಿಪಾರಮ್ ಆಗಲಿ ವೈವಾಕ್ಸ್ ಆಗಲಿ, ಪ್ಯಾರಸೈಟ್ ಸುಮಾರು 48 ಗಂಟೆಗೊಮ್ಮೆ ಕಣ ಒಡೆದು ಹೊರಬಂದು ಹೊಸ ಕಣಗಳಿಗೆ ನುಗ್ಗುತ್ತದೆ. ಆದರೆ ಲೆಕ್ಕ ಇಲ್ಲಿಗೇ ಮುಗಿಯಲ್ಲ. ಪ್ಯಾರಸೈಟ್ ಹೊಕ್ಕೇ ಇಲ್ಲದ ಕಣಗಳು ಅದಕ್ಕಿಂತ ಎಷ್ಟೋ ಜಾಸ್ತಿ ಹಾಳಾಗುತ್ತವೆ. ಸೋಂಕಿನ ಹೊತ್ತಲ್ಲಿ ಅವೂ ಗಡುಸಾಗುತ್ತವೆ, ಗುಲ್ಮ (ಸ್ಪ್ಲೀನ್) ಅವನ್ನೂ ಹಿಡಿದು ತೆಗೆದುಹಾಕುತ್ತದೆ, 120 ದಿನ ಬಾಳಬೇಕಾದ ಕಣ ಅರ್ಧದಲ್ಲೇ ಹೋಗುತ್ತದೆ. ಗುಲ್ಮ ದಪ್ಪಗಾಗೋದೂ ಸುಮ್ನೆ ಅಲ್ಲ.

ಫಾಲ್ಸಿಪಾರಮ್‌ನಲ್ಲಿ ಇನ್ನೊಂದು ಕಾಟ ಇದೆ. ಬಲಿತ ಪ್ಯಾರಸೈಟ್ ಇರುವ ಕಣಗಳು ಒಳಗಿನ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡಿರುತ್ತವೆ. ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಅವು ಎಲ್ಲಿಂದ ಸಿಗಬೇಕು?

ಹೋದ ಕಣಕ್ಕೆ ಬದಲು ಹೊಸದು ಬಂದಿದ್ದರೆ ಇಷ್ಟು ಇಳಿಯುತ್ತಿರಲಿಲ್ಲ, ಅಲ್ವಾ? ಬರಲ್ಲ. ಮೂಳೆಯೊಳಗಿನ ಮಜ್ಜೆಯೇ ಸೋತಿರುತ್ತದೆ. ಸ್ಮಿಯರ್, ಅಂದರೆ ಸ್ಲೈಡಿನ ಮೇಲೆ ಹರಡಿದ ರಕ್ತ, ನೋಡುವಾಗ ಬಿಳಿ ರಕ್ತಕಣಗಳ ಒಳಗೂ ಕಣ್ಣು ಹಾಯಿಸಿ. ಕೆಲವದರಲ್ಲಿ ಕಂದು-ಕಪ್ಪು ಚುಕ್ಕೆಗಳು ಕಾಣುತ್ತವೆ. ಪ್ಯಾರಸೈಟ್ ಹಿಮೋಗ್ಲೋಬಿನ್ ತಿಂದು ಬಿಟ್ಟ ಕಸ ಅದು, ಹೆಸರು ಹಿಮೋಜೋಯಿನ್. ಇದೇ ಕಸ ಮಜ್ಜೆಯಲ್ಲಿ ಹೊಸ ಕಣ ತಯಾರಾಗೋದಕ್ಕೂ ಅಡ್ಡಿ ಮಾಡುತ್ತದೆ. ಹಾಗಾಗಿ ಇಷ್ಟು ರಕ್ತ ಕಮ್ಮಿ ಇದ್ದರೂ ರೆಟಿಕ್ಯುಲೋಸೈಟ್, ಅಂದರೆ ಆಗಷ್ಟೇ ಹುಟ್ಟಿದ ಕೆಂಪು ಕಣ, ಇರಬೇಕಾದಷ್ಟು ಇರುವುದಿಲ್ಲ.

ಕಬ್ಬಿಣದ ಮಾತ್ರೆ ಕೊಟ್ಟರೆ ಸರಿಹೋಗುತ್ತದಾ ಅಂತ ಮನೆಯವರು ಕೇಳುತ್ತಾರೆ. ಅದನ್ನು ಡಾಕ್ಟರೇ ಹೇಳಬೇಕು. ಆದರೆ ಸೋಂಕು ಜೋರಾಗಿರುವಾಗ ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ, ಅದು ಕರುಳಿನಿಂದ ಕಬ್ಬಿಣ ಒಳಗೆ ಬರದಂತೆ ಬಾಗಿಲು ಹಾಕಿಬಿಡುತ್ತದೆ. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಅಂದಾಜಿಸಲು ನೋಡುವ ಫೆರಿಟಿನ್ ಕೂಡ ಸೋಂಕಿನಿಂದಲೇ ಏರಿರುತ್ತದೆ, ಅದೊಂದನ್ನೇ ನೋಡಿ ಕಬ್ಬಿಣ ಸಾಕಷ್ಟಿದೆ ಅಂದುಕೊಳ್ಳಬೇಡಿ.

ಜ್ವರ ಬಿಟ್ಟಿತು, ಸ್ಲೈಡ್ ನೆಗೆಟಿವ್ ಬಂತು, ಇನ್ನು ರಕ್ತ ಪರೀಕ್ಷೆ ಯಾಕೆ ಅಂತ ಎಷ್ಟೋ ಜನ ಮತ್ತೆ ಬರುವುದೇ ಇಲ್ಲ. ಆದರೆ ಮಲೇರಿಯಾಕ್ಕೆ ಆರ್ಟೆಸುನೇಟ್ ಇಂಜೆಕ್ಷನ್ ತೆಗೆದುಕೊಂಡ ಕೆಲವರಲ್ಲಿ 1ರಿಂದ 3 ವಾರ ಕಳೆದ ಮೇಲೂ ಕಣ ಒಡೆದು ಹಿಮೋಗ್ಲೋಬಿನ್ ಇಳಿಯುತ್ತದೆ. ವೈವಾಕ್ಸ್‌ಗೆ ಕೊಡುವ ಪ್ರೈಮಾಕ್ವಿನ್, ಜಿ6ಪಿಡಿ (ಕೆಂಪು ಕಣವನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇದ್ದವರಲ್ಲಿ ಇದೇ ಕೆಲಸ ಮಾಡಬಲ್ಲದು. ಅದಕ್ಕೇ ರಿಪೋರ್ಟ್ ಕೊಡುವಾಗ, ಮುಂದಿನ ಹಿಮೋಗ್ಲೋಬಿನ್ ಟೆಸ್ಟ್ ಯಾವಾಗ ಅಂತ ಡಾಕ್ಟರನ್ನು ಕೇಳಿಕೊಂಡೇ ಹೋಗಿ ಅಂತ ನಾನು ಹೇಳುತ್ತೇನೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಆ ದಿನದವರೆಗೂ ಕಾಯಬೇಡಿ, ತಕ್ಷಣ ಬನ್ನಿ ಅಂತಲೂ ಹೇಳುತ್ತೇನೆ.