ಕಡಾಣಿ ನೋಡದೆ ಹೊರಟ ದಿನ

ಕಳೆದ ನವೆಂಬರ್ ತಿಂಗಳ ಕೊನೆಯ ಭಾನುವಾರ ನಾನೂ ನನ್ನ ಗೆಳೆಯನೂ ಎರಡು ಮೋಟಾರ್ ಸೈಕಲ್‌ಗಳಲ್ಲಿ ಗಂಗಾವತಿಯಿಂದ ಜಲದುರ್ಗಕ್ಕೆ ಹೊರಟೆವು. ಕಾರಟಗಿ, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ದಾಟಿ, ಕೃಷ್ಣೆ ಕವಲೊಡೆದು ಬಳಸಿ ಹರಿಯುವ ನಡುಗಡ್ಡೆಯ ಕೋಟೆಯನ್ನು ನೋಡಿಕೊಂಡು, ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕೆಂಬುದು ನಮ್ಮ ಲೆಕ್ಕವಾಗಿತ್ತು. ಹೋಗಿಬರಲು 200 ಕಿಲೋಮೀಟರಿಗೂ ಮೀರಿದ ದಾರಿ. ದೂರದ ಪ್ರವಾಸಕ್ಕೆಂದೇ ಕೊಂಡ ಗಾಡಿಗೆ ಅದೇನೂ ದೊಡ್ಡ ದೂರವಲ್ಲ. ಆದರೆ ನಾವು ಆ ದಿನ ಕೋಟೆಯನ್ನು ನೋಡಲಿಲ್ಲ.

ಎರಡು ದಿನ ಮೊದಲು, ಶುಕ್ರವಾರ, ಸವೆದಿದ್ದ ಹಿಂದಿನ ಟೈರನ್ನು ಗ್ಯಾರೇಜೊಂದರಲ್ಲಿ ಬದಲಾಯಿಸಿದ್ದೆ. ಹಿಂದಿನ ಟೈರು ಬದಲಾಯಿಸುವುದೆಂದರೆ ಗಾಲಿಯನ್ನು ಪೂರ್ತಿ ಕಳಚಬೇಕು. ಗಾಲಿಯ ಅಚ್ಚಾದ ಆಕ್ಸಲ್ಲನ್ನು ಹೊರಗೆಳೆಯಬೇಕು, ಚೈನನ್ನು ಅದು ಕೂರುವ ಹಲ್ಲುಗಾಲಿಯಾದ ಸ್ಪ್ರಾಕೆಟ್ಟಿನಿಂದ ಇಳಿಸಬೇಕು, ಮತ್ತೆ ಎಲ್ಲವನ್ನೂ ಮೊದಲಿದ್ದ ಅಳತೆಗೆ ತಂದು ಬಿಗಿಯಬೇಕು. ಬೇರೆಯವರ ಕೈಯಲ್ಲಿ ಇಷ್ಟೆಲ್ಲ ಕಳಚಿ ಕೂಡಿದ ಗಾಡಿಯನ್ನು ನಾನೊಮ್ಮೆ ನೋಡದೆ ಊರು ದಾಟಿಸಿದವನಲ್ಲ. ಪ್ರತಿ ದೂರದ ಸವಾರಿಯ ಹಿಂದಿನ ಸಂಜೆ ಅಂಗಳದಲ್ಲಿ ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ ಮುಕ್ಕಾಲು ಗಂಟೆ ಅದರ ಜೊತೆ ಕುಳಿತುಕೊಳ್ಳುವುದು ನನಗೆ ಹತ್ತು ವರ್ಷಗಳ ರೂಢಿ. ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಚೈನನ್ನು ತೊಳೆದು, ಬಟ್ಟೆಯಿಂದ ಒರೆಸಿ, 90 ನಂಬರಿನ ಗೇರ್ ಆಯಿಲನ್ನು ಚೈನಿನ ಒಳಬದಿಗೆ ಹನಿ ಹನಿಯಾಗಿ ಬಿಡುತ್ತೇನೆ. ಗಾಲಿ ತಿರುಗುವಾಗ ಎಣ್ಣೆ ತಾನಾಗಿ ಹೊರಕ್ಕೆ ಹರಡುತ್ತದೆ. ಗಾಲಿಯನ್ನು ಕೈಯಿಂದಲೇ ತಿರುಗಿಸುತ್ತೇನೆ. ಎಂಜಿನ್ ಚಾಲೂ ಮಾಡಿ ಗೇರಿನಲ್ಲಿಟ್ಟು ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರನ್ನು ಕಂಡಾಗಲೆಲ್ಲ ನನಗೆ ಎದೆ ನಡುಗುತ್ತದೆ, ಏಕೆಂದರೆ ಬಟ್ಟೆಯನ್ನು ಎಳೆದುಕೊಂಡ ಸ್ಪ್ರಾಕೆಟ್ ಅದರ ಹಿಂದೆಯೇ ಬೆರಳನ್ನೂ ಎಳೆದುಕೊಳ್ಳುತ್ತದೆ. ಅದಾದ ಮೇಲೆ ಬ್ರೇಕಿನ ಎಣ್ಣೆಯ ಮಟ್ಟ, ಪ್ಯಾಡುಗಳು, ದೀಪಗಳು, ಕೈಗೆ ಸಿಗುವ ಪ್ರತಿಯೊಂದು ನಟ್ಟು. ಟೈರಿನ ಗಾಳಿಯನ್ನು ಮಾತ್ರ ಮರುದಿನ ಬೆಳಿಗ್ಗೆ, ಗಾಡಿ ಕದಲುವ ಮೊದಲೇ ಅಳೆಯುತ್ತೇನೆ; ಕೈಪಿಡಿ ಹೇಳುವ ಅಂಕಿ ತಣ್ಣಗಿರುವ ಟೈರಿನದು, ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿತೆಂದು ಗಾಳಿ ಬಿಟ್ಟರೆ ಅದು ತಣಿದಾಗ ಕಡಿಮೆಯಾಗಿರುತ್ತದೆ.

ಆ ಶನಿವಾರ ಸಂಜೆ ಹತ್ತಿರದ ಸಂಬಂಧಿಕರ ಮನೆಯಲ್ಲಿ ಸೀಮಂತವಿತ್ತು. ಮರಳಿದಾಗ ರಾತ್ರಿ ಹನ್ನೊಂದು. ಮೊನ್ನೆ ತಾನೆ ಗ್ಯಾರೇಜಿನಿಂದ ಬಂದ ಗಾಡಿಯಲ್ಲವೇ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಐದೂವರೆಗೆ ಗಾಳಿಯನ್ನಷ್ಟೇ ಅಳೆದು ಹೊರಟೆ.

ಶ್ರೀರಾಮನಗರ ದಾಟುವವರೆಗೂ ಕಾಲುವೆ ನೀರಿನ ಗದ್ದೆಗಳ ಮೇಲೆ ಮಂಜು ಹಾಸಿತ್ತು. ಹೆಲ್ಮೆಟ್ಟಿನ ಗಾಜಿನ ಮೇಲೆ ಕೂಡುವ ಹನಿಗಳನ್ನು ಒರೆಸಿಕೊಳ್ಳುತ್ತ, 40ರ ವೇಗ ಮೀರದೆ ಸಾಗಿದೆವು. ಸಿಂಧನೂರಿನಲ್ಲಿ ಚಹಾ ಕುಡಿದು, 150ಎ ಹೆದ್ದಾರಿಯನ್ನು ಹಿಡಿದು ಮಸ್ಕಿಯತ್ತ ಹೊರಳಿದ ಮೇಲೆ ಬಿಸಿಲು ಬಂತು, ದಾರಿ ತೆರವಾಯಿತು, ವೇಗ 60 ದಾಟಿತು. ಗಾಡಿಯ ಹಿಂಭಾಗ ತುಸು ತೇಲಿದಂತೆ ನನಗೆ ಅನ್ನಿಸಿದ್ದು ಆಗಲೇ. ನೇರ ದಾರಿಯಲ್ಲಿ ಏನೂ ಇಲ್ಲ. ಎಕ್ಸಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ಹಿಂದಿನ ಗಾಲಿ ಅರೆಗಳಿಗೆ ತಡವಾಗಿ ಒಪ್ಪಿಕೊಳ್ಳುವಂತೆ, ತಿರುವಿನಲ್ಲಿ ಯಾರೋ ಹಿಂದಿನಿಂದ ಬೆರಳಿನಲ್ಲಿ ತಳ್ಳಿದಂತೆ. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮೊದಲ 150 ಕಿಲೋಮೀಟರುಗಳಷ್ಟಾದರೂ ಅದನ್ನು ನಂಬಿ ವಾಲಬಾರದು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದ ಆ ಸಂಗತಿಯೇ ನನ್ನನ್ನು ದಾರಿ ತಪ್ಪಿಸಿತು. ಟೈರು ಹೊಸದು, ಅದಕ್ಕೇ ಹೀಗೆ ಎಂದು ಸಮಾಧಾನ ಹೇಳಿಕೊಂಡು ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿದೆ. ಗಾಡಿ ತನ್ನ ನೋವನ್ನು ಹೇಳುತ್ತಿದ್ದಾಗ ನಾನು ಅದಕ್ಕೆ ಸಿದ್ಧವಾಗಿದ್ದ ಉತ್ತರವೊಂದನ್ನು ಕೊಟ್ಟು ಸುಮ್ಮನಾಗಿಸಿದೆನೆಂದು ಈಗಲೂ ವ್ಯಥೆಯಾಗುತ್ತದೆ.

ಮಸ್ಕಿಯಲ್ಲಿ ಅಶೋಕನ ಶಾಸನವಿರುವ ಗುಡ್ಡವನ್ನು ಗೆಳೆಯ ನೋಡಿರಲಿಲ್ಲ. 1915ರಲ್ಲಿ ಬೆಳಕಿಗೆ ಬಂದ, ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರಿಟ್ಟು ತೋರಿಸಿದ ಆ ಬಂಡೆಯನ್ನು ಹತ್ತು ನಿಮಿಷ ನೋಡಿಕೊಂಡು ಹೋಗೋಣವೆಂದು ನಿಂತೆವು. ನೆರಳು ಹುಡುಕಿ, ಎಂಜಿನ್ ಆರಿಸಿ, ಗಾಡಿಯನ್ನು ತಳ್ಳಿಕೊಂಡು ಹೋಗುವಾಗ ಚೈನಿನ ಕಡೆಯಿಂದ ಟಕ್, ಟಕ್ ಎಂಬ ಸದ್ದು ಕೇಳಿತು. ಎಂಜಿನ್ನಿನ ಶಬ್ದದಲ್ಲಿ ಅಷ್ಟು ಹೊತ್ತು ಮುಳುಗಿದ್ದ ಸದ್ದು ಅದು. ಬಗ್ಗಿ ನೋಡಿದೆ. ಚೈನು ಜೋತುಬಿದ್ದು, ಹಿಂದಿನ ಗಾಲಿಯನ್ನು ಹಿಡಿದಿರುವ ತೋಳಿಗೆ ಬಡಿಯುತ್ತಿತ್ತು. ಆ ಬದಿಯಲ್ಲಿ ಚೈನಿನ ಬಿಗಿಯನ್ನು ಹೊಂದಿಸುವ ಅಡ್ಜಸ್ಟರಿನ ಬೋಲ್ಟು ಹಿಂದಕ್ಕೆ ಸರಿದಿತ್ತು. ಅದನ್ನು ಹಿಡಿದಿಡಬೇಕಾದ ಲಾಕ್‌ನಟ್ಟು ಸಡಿಲವಾಗಿತ್ತು. ಆಕ್ಸಲ್ ಒಂದು ತುದಿಯಲ್ಲಿ ತೋಳಿನ ಅಳತೆಯ ಗೀಟಿನ ಮೇಲೆ ನಿಂತಿದ್ದರೆ, ಚೈನಿನ ತುದಿಯಲ್ಲಿ ಒಂದೂವರೆ ಗೀಟಿನಷ್ಟು ಮುಂದಕ್ಕೆ ಎಳೆದುಕೊಂಡಿತ್ತು. ಅಂದರೆ ಗಾಲಿ ಓರೆಯಾಗಿಯೇ ಓಡುತ್ತಿತ್ತು. ಆಕ್ಸಲ್ಲಿನ ದೊಡ್ಡ ನಟ್ಟಿಗೆ ಕೈ ಹಾಕಿದೆ. ಎರಡು ಬೆರಳಿಗೆ ಅದು ತಿರುಗಿತು. ನಟ್ಟು ಕಳಚದಂತೆ ಅದರ ಕಚ್ಚಿನ ಮೂಲಕ ಆಕ್ಸಲ್ಲಿನ ತೂತಿಗೆ ತೂರಿಸಬೇಕಾದ ಸ್ಪ್ಲಿಟ್ ಪಿನ್ನು ಇರಲೇ ಇಲ್ಲ.

ನೆಲದ ಮೇಲೆ ಕುಳಿತುಬಿಟ್ಟೆ. 60 ಕಿಲೋಮೀಟರ್ ವೇಗವೆಂದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ಆ ವೇಗದಲ್ಲಿ ಜೋತುಬಿದ್ದ ಚೈನು ಸ್ಪ್ರಾಕೆಟ್ಟಿನ ಹಲ್ಲಿನಿಂದ ಜಿಗಿದು ಗಾಲಿಗೂ ತೋಳಿಗೂ ನಡುವೆ ಸಿಕ್ಕಿಕೊಂಡರೆ ಹಿಂದಿನ ಗಾಲಿ ನಿಂತಲ್ಲೇ ಕಚ್ಚಿಕೊಳ್ಳುತ್ತದೆ, ಆಗ ಬ್ರೇಕ್ ಹಿಡಿದಾಗ ಗಾಲಿ ಕಚ್ಚದಂತೆ ತಡೆಯುವ ಎಬಿಎಸ್ ಏನೂ ಮಾಡಲಾರದು, ಏಕೆಂದರೆ ಗಾಲಿಯನ್ನು ಹಿಡಿದದ್ದು ಬ್ರೇಕಲ್ಲ. ನನ್ನ ಹಿಂದೆ ಎರಡು ಸೆಕೆಂಡಿನ ಅಂತರ ಬಿಟ್ಟು ಗೆಳೆಯ ಬರುತ್ತಿದ್ದ, ಅವನ ಹಿಂದೆ ಹತ್ತಿ ಹೇರಿದ ಲಾರಿಗಳು ಬರುತ್ತಿದ್ದವು.

ಹಾದಿಯಲ್ಲಿ ಬಿಗಿಯಲು ಬೇಕಾದ ಪಾನಾಗಳು ನನ್ನ ಚೀಲದಲ್ಲಿದ್ದವು. ಕಂಪನಿಯ ಚೀಲದಲ್ಲಿ ಬರುವ ತಗಡಿನಂಥ ಪಾನಾ ಆಕ್ಸಲ್ ನಟ್ಟಿಗೆ ಸಾಲದೆಂದು ಉದ್ದ ಹಿಡಿಯ ರಿಂಗ್ ಪಾನಾವನ್ನು ಬೇರೆಯಾಗಿ ಕೊಂಡಿಟ್ಟುಕೊಂಡಿದ್ದೆ. ದೂರ ಹೋಗುವ ಯಾರಿಗಾದರೂ ನಾನು ಮೊದಲು ಹೇಳುವುದು ಅದನ್ನೇ. ಪಿನ್ನು ಮಾತ್ರ ಇರಲಿಲ್ಲ. ಗೆಳೆಯನ ಗಾಡಿಯ ಹಿಂದೆ ಕುಳಿತು ಊರೊಳಗೆ ಹೋಗಿ, ಭಾನುವಾರವೂ ತೆರೆದಿದ್ದ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ಇಂಥ ಅಂಗಡಿಗಳಿಗೆ ವಾರದ ರಜೆಯಿಲ್ಲ. ವಯಸ್ಸಾದ ಮಾಲೀಕರು ಪಿನ್ನಿನ ಡಬ್ಬಿಯನ್ನು ಮುಂದಿಟ್ಟು, ಯಾವುದಕ್ಕೆಂದು ಕೇಳಿ, ನನ್ನ ಮಾತು ಮುಗಿಯುವವರೆಗೂ ಕೇಳಿಸಿಕೊಂಡು, “ಕಡಾಣಿ ಇಲ್ಲದ ಬಂಡೀನ ಗಂಗಾವತಿಯಿಂದ ಹೊಡಕೊಂಡು ಬಂದೀರೇನ್ರಿ?” ಎಂದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಭಯವಿತ್ತು.

ಕಡಾಣಿ ಎಂಬ ಮಾತನ್ನು ನಾನು ಕೇಳಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ನನ್ನ ತಾತ ಬಂಡಿ ಕಟ್ಟುವ ಮೊದಲು ಎತ್ತುಗಳ ಕಡೆಗೆ ಹೋಗುತ್ತಿರಲಿಲ್ಲ. ಮೊದಲು ಎರಡೂ ಗಾಲಿಗಳ ಬಳಿ ಕುಳಿತು, ಅಚ್ಚಿನ ತುದಿಯ ಕಡಾಣಿಯನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಕೀಲೆಣ್ಣೆ ಒಣಗಿದ್ದರೆ ಹಚ್ಚಿ, ಆಮೇಲೆ ಎದ್ದು ನೊಗ ಎತ್ತುತ್ತಿದ್ದರು. ಕಣ್ಣಿಗೆ ಕಾಣುತ್ತಿದ್ದರೂ ಕೈಯಿಂದಲೇ ಮುಟ್ಟಿ ನೋಡುತ್ತಿದ್ದರು. ಅಚ್ಚು, ಗಾಲಿ, ಗಾಲಿ ಕಳಚದಂತೆ ತಡೆಯುವ ಒಂದು ಸಣ್ಣ ಕಬ್ಬಿಣದ ತುಂಡು ಇವೆಲ್ಲ ನನ್ನ ಮೋಟಾರ್ ಸೈಕಲ್ಲಿನಲ್ಲೂ ಹಾಗೆಯೇ ಇವೆ. ಸ್ಪ್ಲಿಟ್ ಪಿನ್ನೆಂದು ಕರೆಯುತ್ತಿದ್ದ ವಸ್ತುವನ್ನು ನಾನು ಅಲ್ಲಿಂದೀಚೆಗೆ ಕಡಾಣಿ ಎಂದೇ ಕರೆಯುತ್ತೇನೆ. ಅರ್ಧ ಡಜನ್ ಕೊಂಡೆ.

ಗುಡ್ಡದ ಬುಡಕ್ಕೆ ಮರಳಿ ಕೆಲಸಕ್ಕೆ ಕುಳಿತೆವು. ಚೈನನ್ನು ಎಲ್ಲೆಂದರಲ್ಲಿ ಅಳೆದು ಬಿಗಿಯುವಂತಿಲ್ಲ. ಸವೆತ ಎಲ್ಲ ಕೊಂಡಿಗಳಲ್ಲೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಗಾಲಿಯನ್ನು ನಿಧಾನವಾಗಿ ಪೂರ್ತಿ ತಿರುಗಿಸಿ, ಚೈನು ಅತಿ ಬಿಗಿಯಾಗಿರುವ ಜಾಗವನ್ನು ಹುಡುಕಿ, ಅಲ್ಲಿ ಅಳತೆ ಹಿಡಿಯಬೇಕು. ಇಲ್ಲವಾದರೆ ಸಡಿಲ ಜಾಗಕ್ಕೆ ಸರಿಹೊಂದಿಸಿದ ಚೈನು ಬಿಗಿಯ ಜಾಗದಲ್ಲಿ ತಂತಿಯಂತೆ ಸೆಟೆದು ಬೇರಿಂಗುಗಳನ್ನು ತಿನ್ನುತ್ತದೆ. ಕೆಳಗಿನ ಸಾಲಿನ ನಟ್ಟನಡುವೆ ಬೆರಳಿಟ್ಟು ಮೇಲಕ್ಕೂ ಕೆಳಕ್ಕೂ ಒತ್ತಿ ಅಳೆದಾಗ ಚೈನು 60 ಮಿಲಿಮೀಟರಿಗೂ ಹೆಚ್ಚು ಆಡುತ್ತಿತ್ತು. ನನ್ನ ಗಾಡಿಯ ಕೈಪಿಡಿ ಹೇಳುವುದು 25ರಿಂದ 35. ಎರಡೂ ಬದಿಯ ಅಡ್ಜಸ್ಟರುಗಳನ್ನು ಕಾಲು ಸುತ್ತಿನಂತೆ ಸರದಿಯಲ್ಲಿ ತಿರುಗಿಸುತ್ತ, ಗೀಟುಗಳನ್ನು ಎರಡೂ ಕಡೆ ಒಂದೇ ಮಾಡುತ್ತ, 30ಕ್ಕೆ ತಂದು ನಿಲ್ಲಿಸಿದೆವು. ಗೆಳೆಯ ಗಾಲಿಯನ್ನು ಮುಂದಕ್ಕೆ ಒತ್ತಿ ಹಿಡಿದಿದ್ದಾಗ ನಾನು ಆಕ್ಸಲ್ ನಟ್ಟು ಬಿಗಿದೆ. ಕಚ್ಚು ತೂತಿಗೆ ಸರಿಯಾಗಿ ಕೂಡಲಿಲ್ಲ. ಇಂಥಲ್ಲಿ ನಟ್ಟನ್ನು ಹಿಂದಕ್ಕೆ ಸಡಿಲಿಸುವ ಆಸೆಯಾಗುತ್ತದೆ, ಹಾಗೆ ಮಾಡಬಾರದು. ಮುಂದಿನ ಕಚ್ಚಿನವರೆಗೆ ಇನ್ನಷ್ಟು ಬಿಗಿದು, ಪಿನ್ನು ತೂರಿಸಿ, ಅದರ ಎರಡು ಕಾಲುಗಳನ್ನು ಎರಡು ದಿಕ್ಕಿಗೆ ಮಡಚಿದೆ. ನಟ್ಟು ಬಿಗಿಯುವಾಗ ಚೈನಿನ ಅಳತೆ ಬದಲಾಗುವುದುಂಟು, ಆದ್ದರಿಂದ ಮತ್ತೆ ಅಳೆದೆವು. ಅಡ್ಜಸ್ಟರಿನ ಲಾಕ್‌ನಟ್ಟುಗಳನ್ನು ಬಿಗಿದು, ಹಿಂದಿನ ಬ್ರೇಕನ್ನು ನಾಲ್ಕಾರು ಸಲ ತುಳಿದು, ಹಿಡಿತ ಬಂದದ್ದನ್ನು ಖಚಿತಪಡಿಸಿಕೊಂಡು ಎದ್ದಾಗ ಗಂಟೆ ಹನ್ನೊಂದಾಗಿತ್ತು.

ಲಿಂಗಸುಗೂರಿನ ಕಡೆಗೆ 10 ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಮತ್ತೆ ಮುಟ್ಟಿ ನೋಡಿದೆ. ಎಲ್ಲವೂ ಇಟ್ಟಲ್ಲೇ ಇದ್ದವು, ತೇಲಾಟ ನಿಂತಿತ್ತು. ಇನ್ನು ಜಲದುರ್ಗಕ್ಕೆ ಹೋಗಿಯೇ ಬಿಡೋಣವೆಂದು ಗೆಳೆಯ ಹೇಳಿದ. ನಾನು ಒಪ್ಪಲಿಲ್ಲ. ಕೋಟೆ ನೋಡಿ ಮರಳುವಾಗ ಸಿಂಧನೂರಿಗೇ ಕತ್ತಲಾಗುತ್ತದೆ, ಅಲ್ಲಿಂದ ಗಂಗಾವತಿಯವರೆಗಿನ ದಾರಿಯಲ್ಲಿ ಭತ್ತದ ಸುಗ್ಗಿ ನಡೆದಿದೆ. ಅರ್ಧ ಗಂಟೆ ಮಾತಾಡಿದೆವು. ಅವನಿಗೆ ಬೇಸರವಾದದ್ದು ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ತಿರುಗಿದೆವು.

ಸುಗ್ಗಿಯ ಕಾಲದ ಆ ದಾರಿಯನ್ನು ಹೊರಗಿನವರಿಗೆ ವಿವರಿಸಿ ಹೇಳಬೇಕು. ಯಂತ್ರದಿಂದ ಕೊಯ್ದ ಭತ್ತದಲ್ಲಿ ತೇವ ಹೆಚ್ಚಿರುತ್ತದೆ, ಸರ್ಕಾರದ ಖರೀದಿಗೆ ತೇವಾಂಶ ಶೇಕಡಾ 17ನ್ನು ಮೀರುವಂತಿಲ್ಲ, ಒಣಗಿಸಲು ಕಣಗಳು ಸಾಲುವುದಿಲ್ಲ. ಹೀಗಾಗಿ ರೈತರು ಕಾದ ಡಾಂಬರಿನ ಮೇಲೆ ಕಾಳು ಹರಡುತ್ತಾರೆ, ಹರಡಿದ ಕಾಳನ್ನು ಗಾಡಿಗಳು ತುಳಿಯದಿರಲೆಂದು ಅಂಚಿಗೆ ಕಲ್ಲುಗಳನ್ನು ಇಡುತ್ತಾರೆ. ಆರು ತಿಂಗಳ ದುಡಿಮೆಯನ್ನು ರಸ್ತೆಯ ಮೇಲೆ ಹರಡಬೇಕಾಗಿ ಬಂದವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಸಂಜೆ ಕಾಳು ತುಂಬಿಕೊಂಡ ಮೇಲೂ ಉಳಿದುಬಿಡುವ ಕಲ್ಲುಗಳು ಕತ್ತಲಲ್ಲಿ ಸವಾರನಿಗೆ ಕಾಣುವುದಿಲ್ಲ. ಉಳಿದ ಕಾಳು ಟೈರಿನ ಕೆಳಗೆ ಬೇರಿಂಗಿನ ಗುಂಡುಗಳಂತೆ ಉರುಳುತ್ತದೆ. ಗದ್ದೆಯಿಂದ ಮೇಲೇರುವ ಟ್ರ್ಯಾಕ್ಟರುಗಳ ಗಾಲಿಯಿಂದ ಉದುರುವ ಎರೆಮಣ್ಣು ಒಣಗಿದ್ದಾಗ ಹೆಂಟೆ, ಇಬ್ಬನಿ ಬಿದ್ದಾಗ ಎಣ್ಣೆ. ಇದರ ಮೇಲೆ ಹಿಂದೀಪವಿಲ್ಲದ ಟ್ರೇಲರುಗಳು.

ಮಧ್ಯಾಹ್ನದ ಬೆಳಕಿನಲ್ಲಿ ಇವೆಲ್ಲ ದೂರದಿಂದಲೇ ಕಾಣುತ್ತಿದ್ದವು. ಕಾಳಿನ ಹಾಸು ಎದುರಾಗುವ ಮೊದಲೇ, ಗಟ್ಟಿ ಡಾಂಬರಿನ ಮೇಲಿರುವಾಗಲೇ ಎರಡೂ ಬ್ರೇಕುಗಳನ್ನು ಹಿಡಿದು ವೇಗ ಇಳಿಸಿ, ಕಾಳಿನ ಮೇಲೆ ಬ್ರೇಕನ್ನೂ ಮುಟ್ಟದೆ, ಹ್ಯಾಂಡಲನ್ನೂ ತಿರುಗಿಸದೆ, ಗಾಡಿಯನ್ನು ನೆಟ್ಟಗೆ ಇಟ್ಟುಕೊಂಡು ಸಾಗಿದೆವು. ಸಡಿಲ ನೆಲದ ಮೇಲೆ ಎಬಿಎಸ್ ಗಾಲಿ ಕಚ್ಚದಂತೆ ಕಾಯುತ್ತದೆಯೇ ಹೊರತು ನಿಲ್ಲುವ ದೂರವನ್ನು ಕಡಿಮೆ ಮಾಡುವುದಿಲ್ಲ. ಕಾರಟಗಿಯ ಈಚೆ ಒಬ್ಬ ಹೆಣ್ಣುಮಗಳು ಕಾಲಿನಿಂದ ಕಾಳನ್ನು ತಿರುವುತ್ತ ರಸ್ತೆಯ ನಡುವೆ ನಡೆಯುತ್ತಿದ್ದಳು. ನಾವು ನಿಂತು, ಆಕೆ ಬದಿಗೆ ಸರಿದ ಮೇಲೆ ಮುಂದೆ ಹೋದೆವು. ನಾಲ್ಕು ಗಂಟೆಗೆ ಮನೆಯಲ್ಲಿದ್ದೆವು.

ಆ ಸಂಜೆ ಬಿಗಿತವನ್ನು ಅಳೆಯುವ ಟಾರ್ಕ್ ಪಾನಾದಿಂದ ಆಕ್ಸಲ್ ನಟ್ಟನ್ನು ಕೈಪಿಡಿಯ ಅಳತೆಗೆ ಪರೀಕ್ಷಿಸಿ, ಬೆಳಿಗ್ಗೆ ಹಾಕಿದ್ದ ಪಿನ್ನನ್ನು ಎಸೆದು ಹೊಸದು ಹಾಕಿದೆ. ಒಮ್ಮೆ ಮಡಚಿದ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬಾರದು. ಸೋಮವಾರ ಗ್ಯಾರೇಜಿಗೆ ಹೋಗಿ ಕೆಲಸ ಮಾಡಿದ್ದ ಹುಡುಗನನ್ನು ಬದಿಗೆ ಕರೆದು ನಡೆದದ್ದನ್ನು ಹೇಳಿದೆ. ಅವನು ಅಡ್ಜಸ್ಟರ್ ಹಿಡಿದಿದ್ದಾಗ ಯಾರೋ ಕರೆದರೆಂದು ಎದ್ದು ಹೋಗಿ, ಮರಳಿ ಬಂದವನು ಎಲ್ಲ ಬಿಗಿದಾಗಿದೆಯೆಂದೇ ತಿಳಿದಿದ್ದ. ಅವನ ಕಣ್ಣಲ್ಲಿ ನೀರು ಬಂತು. ಅದು ಅವನೊಬ್ಬನ ತಪ್ಪಲ್ಲವೆಂದು ನಾನು ಹೇಳಿದ್ದು ಮನಸ್ಸಿನಿಂದಲೇ, ಏಕೆಂದರೆ ಶನಿವಾರದ ಮುಕ್ಕಾಲು ಗಂಟೆ ನನ್ನದಾಗಿತ್ತು.

ಮುಂದಿನ ಶನಿವಾರ ಮತ್ತೆ ಜಲದುರ್ಗಕ್ಕೆಂದು ಅಂಗಳದಲ್ಲಿ ಕುಳಿತೆ. ಚೈನು 30ರಲ್ಲೇ ಇತ್ತು, ಗೀಟುಗಳು ಸಮನಾಗಿದ್ದವು, ಕಡಾಣಿ ಅಲ್ಲಾಡಲಿಲ್ಲ. ಆದರೆ ಟಾರ್ಚು ಹಿಡಿದು ಮುಂದಿನ ಬ್ರೇಕಿನ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನೊಳಗೆ ನೋಡಿದಾಗ ಪ್ಯಾಡಿನ ಸವೆತದ ಗೆರೆ ಅಳಿಸಿಹೋಗುವ ಹಂತಕ್ಕೆ ಬಂದಿತ್ತು. ಗೆಳೆಯನಿಗೆ ಫೋನ್ ಮಾಡಿ ನಾಳೆಯೂ ಹೋಗುವಂತಿಲ್ಲವೆಂದು ತಿಳಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಗಾಡಿಯ ಪ್ಯಾಡನ್ನು ನೋಡಬೇಕಾದರೆ ಟಾರ್ಚನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಕೇಳಿದ.