ಚೆಸ್ ಕಲಿಯುವ ಮಗುವಿನ ಕೈಗೆ ಮೊದಲು ಯಾವ ಪುಸ್ತಕ?

ಹಾಸನದಲ್ಲಿ ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುವುದು ನನ್ನ ವೃತ್ತಿ. ವಾರದಲ್ಲಿ ಕೆಲವು ದಿನ ನಗರದಲ್ಲೇ ತರಗತಿ ಇರುತ್ತದೆ. ಉಳಿದ ದಿನಗಳಲ್ಲಿ ಆಲೂರು, ಸಕಲೇಶಪುರದ ಕಡೆಯ ಶಾಲೆಗಳಿಗೆ ಹೋಗಿ ಬರುತ್ತೇನೆ. ಮಗುವನ್ನು ಸೇರಿಸಲು ಬರುವ ತಂದೆತಾಯಿಗಳು ಶುಲ್ಕ, ಸಮಯಗಳನ್ನು ವಿಚಾರಿಸಿದ ನಂತರ “ಸರ್, ಮನೆಯಲ್ಲಿ ಓದಿಕೊಳ್ಳೋದಕ್ಕೆ ಯಾವ ಪುಸ್ತಕ ತಂದುಕೊಡೋಣ?” ಎಂದು ಕೇಳದೆ ಹೋಗುವುದು ಅಪರೂಪ. 2024ರ ಡಿಸೆಂಬರ್‌ನಲ್ಲಿ 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲಂತೂ ಈ ಪ್ರಶ್ನೆ ಇನ್ನಷ್ಟು ಆಸ್ಥೆಯಿಂದ ಬರತೊಡಗಿದೆ. ನನ್ನನ್ನು ಕೇಳುವ ಮೊದಲೇ ಕೊಂಡು ತಂದವರ ಕೈಯಲ್ಲಿ ಹೆಚ್ಚಾಗಿ ಕಾಣುವುದು ದಪ್ಪನೆಯ, ಆರಂಭದ ನಡೆಗಳಿಂದ ಅಂತ್ಯದಾಟದವರೆಗೆ ಎಲ್ಲವೂ ಇದೆಯೆಂದು ರಕ್ಷಾಪುಟದಲ್ಲಿ ಹೇಳಿಕೊಳ್ಳುವ ಪುಸ್ತಕ. ಮಗು ಅದರ ಮೊದಲ ಕೆಲವು ಪುಟಗಳನ್ನು ತಿರುವಿ ಹಾಕಿ ಮತ್ತೆ ಮುಟ್ಟುವುದಿಲ್ಲ. ಮಗನಿಗೆ, ಮಗಳಿಗೆ ಆಸಕ್ತಿಯೇ ಇಲ್ಲವೆಂದು ಮನೆಯವರು ನೊಂದುಕೊಳ್ಳುತ್ತಾರೆ. ಆ ಮಗು ತರಗತಿಯಲ್ಲಿ ಹಲಗೆ ಬಿಟ್ಟು ಏಳಲು ಒಪ್ಪುವುದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಾಣುತ್ತೇನೆ. ಹಾಗಾಗಿ ದೋಷ ಆಸಕ್ತಿಯದ್ದಲ್ಲ, ಆಯ್ದ ಪುಸ್ತಕದ ಬಗೆಯದ್ದು ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಚೆಸ್ ಪುಸ್ತಕಗಳಲ್ಲಿ ವಿವರಿಸುವ ಪುಸ್ತಕಗಳಿವೆ, ಬಿಡಿಸುವ ಪುಸ್ತಕಗಳಿವೆ. ಮೊದಲನೆಯದರಲ್ಲಿ ಮಾತು ಹೆಚ್ಚು, ಚಿತ್ರ ಕಡಿಮೆ. ಎರಡನೆಯದರಲ್ಲಿ ಪುಟದ ತುಂಬ ಹಲಗೆಯ ಚಿತ್ರಗಳು, ಪ್ರತಿ ಚಿತ್ರದ ಕೆಳಗೆ ಒಂದು ಸಣ್ಣ ಪ್ರಶ್ನೆ. ವಿವರಿಸುವ ಪುಸ್ತಕ ಹೇಳಿಕೊಡುವವರ ಬಳಿ ಇರಬೇಕು, ಬಿಡಿಸುವ ಪುಸ್ತಕ ಕಲಿಯುವವರ ಬಳಿ ಇರಬೇಕು. ಆನೆ ನೇರವಾಗಿ, ಒಂಟೆ ಓರೆಯಾಗಿ, ಕುದುರೆ ಎರಡೂವರೆ ಮನೆ ಎಂಬುದನ್ನು ಹೇಳಿ ಮುಗಿಸಲು ಒಂದು ಸಂಜೆ ಸಾಕು. ಆದರೆ 64 ಮನೆಗಳ ಮೇಲೆ 32 ಕಾಯಿಗಳು ನಿಂತಿರುವಾಗ ಯಾವುದು ಯಾವುದನ್ನು ಹೊಡೆಯಬಲ್ಲುದು ಎಂಬುದು ಕಣ್ಣಿಗೆ ಬೀಳಲು ತಿಂಗಳುಗಳೇ ಬೇಕು, ಮತ್ತು ಅದು ಓದಿನಿಂದ ಬರುವುದಿಲ್ಲ. ನಮ್ಮ ಕಡೆಯ ಮಕ್ಕಳಲ್ಲಿ ಬಹಳ ಮಂದಿ ಕನ್ನಡ ಮಾಧ್ಯಮದವರು. ಒಳ್ಳೆಯ ಚೆಸ್ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಮಾತು ಕಡಿಮೆ ಇರುವ ಪುಸ್ತಕವನ್ನು ಆರಿಸಿಕೊಂಡರೆ ಈ ಅಡಚಣೆ ತಾನಾಗಿ ನಿವಾರಣೆಯಾಗುತ್ತದೆ, ಏಕೆಂದರೆ ಹಲಗೆಯ ಚಿತ್ರಕ್ಕೆ ಭಾಷೆಯ ಹಂಗಿಲ್ಲ.

ಹೊಸ ಮಗುವಿನ ಕಣ್ಣು ಹಲಗೆಯ ಮೇಲೆ ಹೇಗೆ ಓಡಾಡುತ್ತದೆ ಎಂಬುದನ್ನು ತಿಳಿದರೆ ಪುಸ್ತಕದ ಆಯ್ಕೆ ಸುಲಭವಾಗುತ್ತದೆ. ಹಲಗೆಯ ನೀಟ ಸಾಲುಗಳನ್ನು ಎಯಿಂದ ಎಚ್‌ವರೆಗಿನ ಅಕ್ಷರಗಳಿಂದಲೂ ಅಡ್ಡ ಸಾಲುಗಳನ್ನು 1ರಿಂದ 8ರವರೆಗಿನ ಅಂಕಿಗಳಿಂದಲೂ ಗುರುತಿಸುತ್ತಾರೆ. ಎ1 ಮನೆಯಲ್ಲಿ ಬಿಳಿ ಒಂಟೆ, ಎಚ್8 ಮನೆಯಲ್ಲಿ ಕಪ್ಪು ಆನೆ, ನಡುವಿನ ಕರ್ಣದಲ್ಲಿ ಅಡ್ಡವಾಗಿ ಯಾವ ಕಾಯಿಯೂ ಇಲ್ಲ ಎಂದಿಟ್ಟುಕೊಳ್ಳಿ. ನಡೆಯ ನಿಯಮವನ್ನು ತಪ್ಪಿಲ್ಲದೆ ಹೇಳಬಲ್ಲ ಮಗುವೇ ಆ ಆನೆಯನ್ನು ನೋಡುವುದಿಲ್ಲ, ಹತ್ತಿರದ ಪದಾತಿಯನ್ನು ಹೊಡೆದು ಸಂತೋಷಪಡುತ್ತದೆ. ದೂರದ ಮನೆ ಕಾಣುವುದಿಲ್ಲ, ಹಿಂದಕ್ಕೆ ಹೋಗುವ ನಡೆ ಕಾಣುವುದಿಲ್ಲ, ಎದುರಾಳಿಯ ಕಾಯಿ ತನ್ನತ್ತ ಗುರಿಯಿಟ್ಟಿರುವುದು ಎಲ್ಲಕ್ಕಿಂತ ಕೊನೆಗೆ ಕಾಣುತ್ತದೆ. ಈ ಮೂರು ಕುರುಡುಗಳನ್ನು ತಿದ್ದುವುದೇ ಮೊದಲ ಪುಸ್ತಕದ ಕೆಲಸ. ಆದುದರಿಂದ ಅಂಗಡಿಯಲ್ಲಿ ಪುಸ್ತಕವನ್ನು ಕೈಗೆತ್ತಿಕೊಂಡಾಗ ನಾನು ಮುನ್ನುಡಿಯನ್ನು ಬಿಟ್ಟು, ಕಾಯಿಗಳ ನಡೆ ಮುಗಿದ ತಕ್ಷಣದ ಅಧ್ಯಾಯವನ್ನು ತೆರೆಯುತ್ತೇನೆ. ಅಲ್ಲಿ ಮೂರು ನಾಲ್ಕು ಕಾಯಿಗಳಷ್ಟೇ ಇರುವ ಹಲಗೆಗಳಲ್ಲಿ ಹೊಡೆಯುವುದು, ತಪ್ಪಿಸಿಕೊಳ್ಳುವುದು, ಕಾಯುವುದು ಇವುಗಳ ಅಭ್ಯಾಸ ಸಾಲು ಸಾಲಾಗಿ ಇದ್ದರೆ ಅದು ಮಕ್ಕಳನ್ನು ಕಂಡು ಬರೆದವರ ಪುಸ್ತಕ. ಅದರ ಬದಲು ಅಲ್ಲಿಂದಲೇ ಆರಂಭದ ನಡೆಗಳ ಹೆಸರುಗಳೂ, ಹತ್ತು ಹನ್ನೆರಡು ನಡೆಗಳ ಉದ್ದನೆಯ ಸಾಲುಗಳೂ ಶುರುವಾದರೆ ಪುಸ್ತಕವನ್ನು ಹಿಂದಕ್ಕೆ ಇಡುತ್ತೇನೆ. ಆರಂಭದ ನಡೆಗಳನ್ನು ಉರುಹೊಡೆದ ಮಗು ಮಂತ್ರಿಯನ್ನು ಎಚ್5ಕ್ಕೆ, ಒಂಟೆಯನ್ನು ಸಿ4ಕ್ಕೆ ತಂದು ನಾಲ್ಕನೆಯ ನಡೆಗೆ ಎಫ್7ರಲ್ಲಿ ಮೇಟ್ ಮಾಡಲು, ಅಂದರೆ ರಾಜನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲದಂತೆ ಮಾಡಿ ಗೆಲ್ಲಲು, ಹೊರಡುತ್ತದೆ. ಎದುರಿನವರು ಮಂತ್ರಿಯನ್ನು ಇ7ಕ್ಕೆ ತಂದು ಆ ಮನೆಯನ್ನು ಕಾಯ್ದರೆ ಮುಂದೆ ಏನು ಮಾಡಬೇಕೆಂದು ಅದಕ್ಕೆ ತಿಳಿಯುವುದಿಲ್ಲ.

ಒಳ್ಳೆಯ ಪುಟ ಎಂದರೆ ಹೇಗಿರಬೇಕು ಎಂಬುದಕ್ಕೆ ನಾನು ತರಗತಿಯಲ್ಲಿ ಮತ್ತೆ ಮತ್ತೆ ಬಳಸುವ ಒಂದು ಉದಾಹರಣೆಯನ್ನು ಕೊಡುತ್ತೇನೆ. ಕಪ್ಪು ರಾಜ ಜಿ8ರಲ್ಲಿ, ಅದರ ಮುಂದೆ ಎಫ್7, ಜಿ7, ಎಚ್7ರಲ್ಲಿ ಮೂರು ಕಪ್ಪು ಪದಾತಿಗಳು. ಬಿಳಿ ಆನೆ ಇ1ರಲ್ಲಿ, ಬಿಳಿ ರಾಜ ಜಿ1ರಲ್ಲಿ. ಆನೆ ಇ8ಕ್ಕೆ ಹೋದರೆ ಮೇಟ್; ರಾಜನಿಗೆ ತನ್ನ ಪದಾತಿಗಳೇ ಗೋಡೆಯಾಗಿವೆ. ಇದನ್ನು ಎಲ್ಲ ಪುಸ್ತಕಗಳೂ ಕೊಡುತ್ತವೆ. ಒಳ್ಳೆಯ ಪುಸ್ತಕ ಮಾತ್ರ ಅದರ ಪಕ್ಕದಲ್ಲೇ ಇನ್ನೂ ಮೂರು ಚಿತ್ರಗಳನ್ನು ಇಟ್ಟು “ಮೇಟ್ ಹೌದೋ ಅಲ್ಲವೋ?” ಎಂದು ಕೇಳುತ್ತದೆ. ಎರಡನೆಯ ಚಿತ್ರದಲ್ಲಿ ಎಲ್ಲವೂ ಹಾಗೆಯೇ ಇದೆ, ಎಫ್6ರಲ್ಲಿ ಒಂದು ಕಪ್ಪು ಕುದುರೆ ಹೆಚ್ಚಿಗೆ ಇದೆ. ಅದು ಇ8ಕ್ಕೆ ಹಾರಿ ಆನೆಯನ್ನು ಹೊಡೆಯುತ್ತದೆ. ಮೂರನೆಯದರಲ್ಲಿ ಎಚ್7ರ ಪದಾತಿ ಎಚ್6ಕ್ಕೆ ಸರಿದಿದೆ. ರಾಜ ಎಚ್7ರ ಮೂಲಕ ಹೊರಬೀಳುತ್ತಾನೆ. ನಾಲ್ಕನೆಯದರಲ್ಲಿ ಡಿ6ರಲ್ಲಿ ಕಪ್ಪು ಒಂಟೆ ಇದೆ. ಅದು ಎಫ್8ಕ್ಕೆ ಬಂದು ಅಡ್ಡ ನಿಲ್ಲುತ್ತದೆ. ಚೆಕ್ ಬಂದಾಗ, ಅಂದರೆ ಎದುರಾಳಿಯ ಕಾಯಿ ರಾಜನತ್ತ ಗುರಿಯಿಟ್ಟಾಗ, ಹೊಡೆಯುವುದು, ಓಡುವುದು, ಅಡ್ಡ ನಿಲ್ಲುವುದು ಎಂಬ ಮೂರೇ ದಾರಿಗಳಿವೆ ಎಂದು ನಾನು ಎಷ್ಟು ಸಲ ಹೇಳಿದರೂ ಉಳಿಯದ ಪಾಠ ಈ ನಾಲ್ಕು ಚಿತ್ರಗಳಿಂದ ಉಳಿಯುತ್ತದೆ. ಕಾರಣವಿಷ್ಟೆ: ನಾಲ್ಕೂ ಚಿತ್ರಗಳು ನೋಡಲು ಒಂದೇ ತೆರನಾಗಿದ್ದು ಒಂದೊಂದು ಕಾಯಿಯಲ್ಲಿ ಮಾತ್ರ ಬೇರೆಯಾಗಿರುವುದರಿಂದ ಮಗು ಊಹೆಯಿಂದ ಉತ್ತರಿಸಲಾರದು, ಇಡೀ ಹಲಗೆಯನ್ನು ನೋಡಲೇಬೇಕಾಗುತ್ತದೆ.

ಹಿಂದಿನ ಪುಟಗಳಲ್ಲಿರುವ ಉತ್ತರಗಳನ್ನೂ ಕೊಳ್ಳುವ ಮೊದಲೇ ಪರೀಕ್ಷಿಸಬೇಕು. ಕಪ್ಪು ರಾಜ ಇ8, ಬಿಳಿ ರಾಜ ಇ6, ಬಿಳಿ ಮಂತ್ರಿ ಎ7 ಎಂಬ ಸ್ಥಿತಿಯಲ್ಲಿ ಮಂತ್ರಿ ಇ7ಕ್ಕೆ ಬಂದರೂ ಮೇಟ್, ಎ8ಕ್ಕೆ ಹೋದರೂ ಮೇಟ್, ಬಿ8ಕ್ಕೆ ಹೋದರೂ ಮೇಟ್. ಇಂಥ ಚಿತ್ರಕ್ಕೆ ಒಂದೇ ಉತ್ತರವನ್ನು ಮುದ್ರಿಸಿದ ಪುಸ್ತಕ ಮನೆಯಲ್ಲಿದ್ದರೆ, ಚೆಸ್ ಬಾರದ ತಾಯಿ ಉತ್ತರದ ಪುಟದೊಡನೆ ತಾಳೆ ನೋಡಿ ಮಗುವಿನ ಸರಿಯಾದ ಉತ್ತರಕ್ಕೆ ತಪ್ಪು ಗುರುತು ಹಾಕುತ್ತಾಳೆ. ಅದರಿಂದ ಮಗುವಿಗೆ ಆಗುವ ನೋವು ದೊಡ್ಡದು, ಏಕೆಂದರೆ ಅದಕ್ಕೆ ತನ್ನ ಉತ್ತರ ಸರಿಯೆಂದು ಗೊತ್ತಿರುತ್ತದೆ, ವಾದಿಸುವ ಬಲ ಇರುವುದಿಲ್ಲ.

ಹೆಸರು ಹಿಡಿದು ಹೇಳಿ ಎನ್ನುವವರಿಗೆ ನಾನು ಹೀಗೆ ಹೇಳುತ್ತೇನೆ. ನೆದರ್‌ಲ್ಯಾಂಡ್ಸ್‌ನಲ್ಲಿ 1987ರಲ್ಲಿ ಆರಂಭವಾದ ‘ಸ್ಟೆಪ್ಸ್ ಮೆಥಡ್’ ಸರಣಿ ನನ್ನ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರವಾಗಿದೆ. ರಾಬ್ ಬ್ರೂನಿಯಾ ಮತ್ತು ಕೋರ್ ವಾನ್ ವೈಗರ್ಡನ್ ರೂಪಿಸಿದ ಈ ಸರಣಿಯಲ್ಲಿ ಹೇಳಿಕೊಡುವವರಿಗೆ ಬೇರೆ ಕೈಪಿಡಿ, ಮಕ್ಕಳಿಗೆ ಬೇರೆ ಅಭ್ಯಾಸ ಪುಸ್ತಕ; ಮಕ್ಕಳ ಪುಸ್ತಕ ತೆಳ್ಳಗಿದ್ದು ಬಹುತೇಕ ಚಿತ್ರಗಳಿಂದಲೇ ತುಂಬಿದೆ. ಹತ್ತಿರದಲ್ಲಿ ಹೇಳಿಕೊಡುವವರು ಯಾರೂ ಇಲ್ಲದ ಮಗುವಿಗೆ 1966ರಲ್ಲಿ ಬಂದ ‘ಬಾಬಿ ಫಿಶರ್ ಟೀಚಸ್ ಚೆಸ್’ ಹೆಚ್ಚು ಒಗ್ಗುತ್ತದೆ. ಪ್ರಶ್ನೆ ಒಂದು ಪುಟದಲ್ಲಿ, ಉತ್ತರ ಪುಟ ತಿರುವಿದರೆ. ನಡೆಗಳನ್ನು ಬಾಣದ ಗುರುತಿನಿಂದ ತೋರಿಸಿರುವುದರಿಂದ ನಡೆ ಬರೆಯುವ ಕ್ರಮ ಗೊತ್ತಿಲ್ಲದ ಮಗುವೂ ಮುಂದೆ ಸಾಗಬಹುದು. ಆದರೆ ಅದು ಬಹುಮಟ್ಟಿಗೆ ಮೇಟ್‌ಗಳ ಪುಸ್ತಕ. ಕಾಯಿ ಕಳೆದುಕೊಳ್ಳದೆ ಆಡುವುದನ್ನು ಬೇರೆಯಾಗಿಯೇ ಕಲಿಸಬೇಕಾಗುತ್ತದೆ. ಹಂಗೇರಿಯ ಪ್ರಸಿದ್ಧ ಆಟಗಾರ್ತಿಯರಾದ ಪೋಲ್ಗಾರ್ ಸೋದರಿಯರ ತಂದೆ ಲಾಸ್ಲೊ ಪೋಲ್ಗಾರ್ ಸಂಗ್ರಹಿಸಿದ 5334 ಸಮಸ್ಯೆಗಳ ದಪ್ಪ ಪುಸ್ತಕವನ್ನು ಮಗುವಿಗೆ ಕೊಡಿಸಬೇಡಿ, ಶಾಲೆಯ ಗ್ರಂಥಾಲಯಕ್ಕೆ ತರಿಸಿ ಎನ್ನುತ್ತೇನೆ. ಅದರ ಮೊದಲ 306 ಸಮಸ್ಯೆಗಳು ಒಂದೇ ನಡೆಯ ಮೇಟ್‌ಗಳು. ಅವುಗಳಿಂದ ದಿನಕ್ಕೆ ನಾಲ್ಕನ್ನು ಗೋಡೆಯ ಹಲಗೆಯ ಮೇಲೆ ಜೋಡಿಸಿಟ್ಟರೆ ಇಡೀ ತರಗತಿಗೆ ಬಹಳ ದಿನದ ಸಾಮಗ್ರಿ ಸಿಗುತ್ತದೆ. ವಿಶ್ವ ಚಾಂಪಿಯನ್ ಆಗಿದ್ದ ಕ್ಯೂಬಾದ ಕಾಪಬ್ಲಾಂಕಾ 1921ರಲ್ಲಿ ಬರೆದ ‘ಚೆಸ್ ಫಂಡಮೆಂಟಲ್ಸ್’ ಬಗ್ಗೆ ನನಗೆ ಅಪಾರ ಗೌರವವಿದೆ. ಕಡಿಮೆ ಕಾಯಿಗಳಿಂದ ಆರಂಭಿಸಬೇಕೆಂಬ ವಿವೇಕ ಅದರ ಮೊದಲ ಪುಟಗಳಲ್ಲೇ ಇದೆ. ಹಾಗಿದ್ದರೂ ಅದು ದೊಡ್ಡವರಿಗಾಗಿ ಬರೆದದ್ದು, ಹೇಳಿಕೊಡುವವರು ಓದಬೇಕಾದದ್ದು.

ಹಳೆಯ ಪುಸ್ತಕಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಬೆಂಗಳೂರಿಗೆ ಹೋದವರು ಅವೆನ್ಯೂ ರಸ್ತೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ತರುವ ಪುಸ್ತಕಗಳಲ್ಲಿ ಕೆಲವು, ನಡೆಗಳನ್ನು ರಾಜನ ಸಾಲು, ಮಂತ್ರಿಯ ಸಾಲು ಎಂದು ಎರಡೂ ಕಡೆಯಿಂದ ಎಣಿಸಿ ಬರೆಯುವ ಹಳೆಯ ಕ್ರಮದಲ್ಲಿರುತ್ತವೆ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ 1981ರಿಂದ ಆ ಕ್ರಮವನ್ನು ಮಾನ್ಯ ಮಾಡುತ್ತಿಲ್ಲ. ದೀರ್ಘ ಸಮಯದ ಆಟದ, ಅಂದರೆ ಕ್ಲಾಸಿಕಲ್, ಪಂದ್ಯಾವಳಿಗೆ ಹೋದ ಮಗು ತನ್ನ ನಡೆಗಳನ್ನು ಇ4, ಎಫ್6 ಎಂಬ ಕ್ರಮದಲ್ಲೇ ಹಾಳೆಯ ಮೇಲೆ ಬರೆಯಬೇಕಾದ್ದರಿಂದ, ಪುಸ್ತಕದ ಪ್ರತಿ ಚಿತ್ರದ ಅಂಚಿನಲ್ಲಿ ಅಕ್ಷರ ಮತ್ತು ಅಂಕಿಗಳು ಇವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಮನೆಯ ಹಿರಿಯರ ಆಟದ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ, ಮತ್ತು ಅದನ್ನು ನಾನು ಲಘುವಾಗಿ ಕಾಣುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ತಾತನಿಂದ ಚದುರಂಗ ಕಲಿತು ಬರುವ ಮಕ್ಕಳು ಈಗಲೂ ಇದ್ದಾರೆ, ಅವರ ಕಣ್ಣು ಉಳಿದವರಿಗಿಂತ ಚುರುಕಾಗಿರುತ್ತದೆ. ಹಿಂದಿನ ನಮ್ಮ ಆಟದಲ್ಲಿ ಪದಾತಿ ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ಕೊನೆಯ ಸಾಲು ಮುಟ್ಟಿದರೆ ಆ ಮನೆಯ ಮೂಲ ಕಾಯಿಯಾಗಿ ಬದಲಾಗುತ್ತದೆ. ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸಲಿಂಗ್ ಇಲ್ಲ, ಅದರ ಬದಲು ರಾಜ ಒಮ್ಮೆ ಕುದುರೆಯಂತೆ ಹಾರಬಹುದು. ಮಗು ಪಂದ್ಯಾವಳಿಯ ನಿಯಮವನ್ನು ಕಲಿತು ಹೋಗಿ ಹಾಗಲ್ಲ ಎಂದಾಗ ಮನೆಯಲ್ಲಿ ಬೇಸರ ಹುಟ್ಟುತ್ತದೆ. “ನಿಮ್ಮ ಮೇಷ್ಟ್ರು ಬೇರೆ ಆಟ ಹೇಳಿಕೊಡ್ತಾರೇನಪ್ಪ?” ಎಂದು ಕೇಳಿದ ಹಿರಿಯರೊಬ್ಬರಿಗೆ ನಾನು ಪುಸ್ತಕದ ನಿಯಮಗಳ ಪುಟವನ್ನೇ ಕನ್ನಡದಲ್ಲಿ ಓದಿ ತೋರಿಸಿದೆ. ಅವರು ಪೂರ್ತಿ ಕೇಳಿ, ಪದಾತಿ ಎರಡು ಮನೆ ನಡೆಯುವುದರಿಂದ ಆಟ ಬೇಗ ಬಿಗಿಯಾಗುತ್ತದಲ್ಲ ಎಂದರು. ಅದಕ್ಕಿಂತ ಸರಿಯಾದ ಮಾತು ಇರಲಾರದು. ಆದ್ದರಿಂದ ನಿಯಮಗಳು, ಅದರಲ್ಲೂ ಕ್ಯಾಸಲಿಂಗ್, ಪದಾತಿಯ ಬಡ್ತಿ, ಸ್ಟೇಲ್‌ಮೇಟ್ (ಚೆಕ್ ಇಲ್ಲದಿದ್ದರೂ ಆಡಲು ನಡೆಯೇ ಉಳಿಯದೆ ಆಟ ಸಮವಾಗುವುದು) ಇವು ಒಂದೆರಡು ಪುಟಗಳಲ್ಲಿ ಸ್ಪಷ್ಟವಾಗಿ ಇರುವ ಪುಸ್ತಕವೇ ಬೇಕೆಂದು ಒತ್ತಾಯಿಸುತ್ತೇನೆ. ಮನೆಯ ವಿವಾದವನ್ನು ಮಗು ಬಗೆಹರಿಸುವುದಕ್ಕಿಂತ ಪುಸ್ತಕ ಬಗೆಹರಿಸುವುದು ಮೇಲು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಿಂದ 64 ಮನೆಗಳನ್ನೂ ಒಂದೊಂದು ಸಲ ಮುಟ್ಟುವ ರಚನೆಗಳನ್ನು ಮಾಡಿದವರೆಂದು ತಿಳಿಸಿದರೆ ಇಂಥ ಹಿರಿಯರಿಗೆ ಬಹಳ ಹಿಗ್ಗು. ಮಕ್ಕಳಿಗೆ ಅದರ ಸಣ್ಣ ರೂಪವಾಗಿ, ಕುದುರೆಯನ್ನು ಎ1ರಿಂದ ಎಚ್8ಕ್ಕೆ ಆರೇ ನಡೆಗಳಲ್ಲಿ ಮುಟ್ಟಿಸುವ ಅಭ್ಯಾಸವನ್ನು ತಾತಂದಿರೊಡನೆ ಮಾಡಲು ಕೊಡುತ್ತೇನೆ.

ಸಕಲೇಶಪುರದ ಕಡೆ ಮಳೆಗಾಲದಲ್ಲಿ ಶಾಲೆಗಳಿಗೆ ರಜೆ ಘೋಷಣೆಯಾದಾಗ ನಾನು ಹೋಗುವುದು ನಿಲ್ಲುತ್ತದೆ, ಕರೆಂಟೂ ನೆಟ್‌ವರ್ಕೂ ಹೋದರೆ ಮೊಬೈಲಿನ ಪಾಠವೂ ನಿಲ್ಲುತ್ತದೆ. ಆಗ ಮಗುವಿನ ಬಳಿ ಉಳಿಯುವುದು ಪುಸ್ತಕ, ಪೆನ್ಸಿಲು ಮತ್ತು ಹಲಗೆ. ನನ್ನ ಸಹಾಯವಿಲ್ಲದೆ ಮಗು ಒಂದು ಪುಟವನ್ನು ಮುಗಿಸಬಲ್ಲುದೇ ಎಂಬ ಪರೀಕ್ಷೆಯನ್ನು ನಾನು ಪುಸ್ತಕ ಸೂಚಿಸುವ ಮೊದಲು ತರಗತಿಯಲ್ಲೇ ಮಾಡಿ ನೋಡುತ್ತೇನೆ. ಹತ್ತರಲ್ಲಿ ಏಳೆಂಟು ಚಿತ್ರಗಳನ್ನು ತಾನಾಗಿ ಬಿಡಿಸಿದರೆ ಆ ಪುಸ್ತಕ ಆ ಮಗುವಿಗೆ ಸರಿಹೊಂದುತ್ತದೆ. ಎಲ್ಲವನ್ನೂ ಬಿಡಿಸಿದರೆ ಅದು ತೀರ ಸುಲಭವಾಯಿತು. ಅರ್ಧಕ್ಕಿಂತ ಕಡಿಮೆಯಾದರೆ ಪುಸ್ತಕವನ್ನು ಬದಿಗಿಟ್ಟು ಬರೀ ಪದಾತಿಗಳ ಆಟಕ್ಕೆ, ಅಂದರೆ ಎರಡೂ ಕಡೆ ಎಂಟೆಂಟು ಪದಾತಿಗಳನ್ನು ಮಾತ್ರ ಇಟ್ಟು ಮೊದಲು ದಡ ಮುಟ್ಟಿದವರು ಗೆಲ್ಲುವ ಆಟಕ್ಕೆ, ಕೆಲವು ವಾರ ಹಿಂದಿರುಗುವುದು ಉತ್ತಮ.

ಅಭ್ಯಾಸ ಪುಸ್ತಕದಲ್ಲಿ ಮಗು ಬರೆಯಬೇಕು, ಬಾಣ ಎಳೆಯಬೇಕು. ಅಕ್ಕ ಬರೆದು ಮುಗಿಸಿದ ಪುಸ್ತಕವನ್ನು ತಮ್ಮನಿಗೆ ಕೊಟ್ಟರೆ ಉತ್ತರಗಳನ್ನೇ ಕೊಟ್ಟಂತಾಗುವುದರಿಂದ ಇಬ್ಬರಿಗೂ ಬೇರೆ ಬೇರೆ ಪ್ರತಿ ಬೇಕು. ತೆಳ್ಳನೆಯ ಪುಸ್ತಕವನ್ನು ಸೂಚಿಸಲು ಇದೂ ಒಂದು ಕಾರಣ. ಅದು ಮುಗಿದು, ಒಂದೇ ನಡೆಯ ಮೇಟ್‌ಗಳನ್ನು ಮಗು ಕಾಯಿ ಜೋಡಿಸದೆ ಚಿತ್ರ ನೋಡಿಯೇ ಹೇಳತೊಡಗಿದಾಗ ಎರಡು ನಡೆಯ ಮೇಟ್‌ಗಳ ಪುಸ್ತಕವನ್ನು ಕೊಡಿಸಬಹುದು. ಅದರ ಜೊತೆಗೆ ಪೂರ್ತಿ ಆಟಗಳನ್ನು ನಡೆ ನಡೆಗೂ ವಿವರಿಸುವ ಒಂದು ಪುಸ್ತಕವನ್ನು ತಂದುಕೊಂಡು ಮನೆಯವರೂ ಮಗುವೂ ಒಟ್ಟಿಗೆ ಹಲಗೆಯ ಮೇಲೆ ಆಡಿ ನೋಡುವುದು ಸಾಧ್ಯವಾದರೆ ಇನ್ನೂ ಒಳ್ಳೆಯದು. ಆರಂಭದ ನಡೆಗಳ ಪುಸ್ತಕವನ್ನು ಆ ಹಂತದಲ್ಲಿಯೂ ನಾನು ಸೂಚಿಸುವುದಿಲ್ಲ. ಮಗು ತಾನು ಆಡಿದ ಆಟಗಳನ್ನು ಬರೆದಿಟ್ಟು, ಒಂದೇ ಬಗೆಯ ಆರಂಭದಲ್ಲಿ ಪದೇ ಪದೇ ಸೋತದ್ದನ್ನು ತಾನೇ ಗುರುತಿಸಿ ಕೇಳಿದಾಗ ಆ ಆರಂಭದ ಕೆಲವೇ ನಡೆಗಳನ್ನು ನಾನು ಅದರ ನೋಟ್‌ಬುಕ್ಕಿನಲ್ಲಿ ಬರೆದುಕೊಡುತ್ತೇನೆ.