ನಿನಗ ಬಂದು ಹೇಳ್ಯಾನೇನು?

ಗುರುವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ರಾತ್ರಿ ಲೈಟ್ ಆರಿಸಿದ ಮೇಲೆ. "ನಿನಗ ಬಂದು ಹೇಳ್ಯಾನೇನು?"

ಕೇಳಿದ್ದು ಕಾಕು. ನನ್ನ ಸ್ವಂತ ಕಾಕು ಅಲ್ಲ. ನಮ್ಮ ಕಾಂಪೌಂಡಿನ ಅರ್ಧ ಜನಕ್ಕೆ ಅವರು ಕಾಕುನೇ. ಧಾರವಾಡದಲ್ಲಿ ಪಕ್ಕದ ಮನೆಯವರು ರಕ್ತಸಂಬಂಧ ಇಲ್ಲದಿದ್ದರೂ ಕಾಕಾ, ಕಾಕು, ಅತ್ತಿ ಏನಾದರೊಂದು ಆಗಿಯೇ ಆಗುತ್ತಾರೆ. ಅವರ ಮಗ ಸೋಮವಾರ ರಾತ್ರಿ ತೀರಿಕೊಂಡ. 29 ವರ್ಷ. ಕೆಲಸ ಮುಗಿಸಿ ಹುಬ್ಬಳ್ಳಿಯಿಂದ ಬೈಕಿನಲ್ಲಿ ಬರುತ್ತಿದ್ದ. ರಸ್ತೆ ಮೇಲೆ ಲಾರಿ ಕೆಟ್ಟು ನಿಂತಿತ್ತು. ಹಿಂದಿನ ದೀಪ ಇಲ್ಲ, ರಿಫ್ಲೆಕ್ಟರ್ ಪಟ್ಟಿ ಇಲ್ಲ. ಒಂದು ಗಿಡದ ಟೊಂಗೆ ಮುರಿದು ಹಿಂದೆ ಇಡುವಷ್ಟು ತ್ರಾಸನ್ನೂ ಯಾರೂ ತಗೊಂಡಿರಲಿಲ್ಲ.

ಮಂಗಳವಾರ ಸಂಜೆ ಮಣ್ಣು ಕೊಟ್ಟು ಬಂದೆವು. ಗುರುವಾರ ನಾನು ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಉಪ್ಪಿಟ್ಟು ತಗೊಂಡು ಹೋದೆ. ಮುಂದಿನ ಕೋಣೆಯಲ್ಲಿ ಜನ ಇದ್ದರು. ಕಾಕು ಇರಲಿಲ್ಲ. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು, ಮಡಿಲಲ್ಲಿ ಬಟ್ಟೆ ರಾಶಿ. ಸೋಮವಾರ ಬೆಳಿಗ್ಗೆ ಅವನೇ ಒಗೆದು ಹಗ್ಗಕ್ಕೆ ಹಾಕಿ ಹೋಗಿದ್ದನಂತೆ. ಆಮೇಲೆ ಯಾರಿಗೂ ಅದರ ಕಡೆ ಲಕ್ಷ್ಯ ಹೋಗಿಲ್ಲ. ನಾಲ್ಕು ದಿನದ ಬಿಸಿಲಿಗೆ ಬಟ್ಟೆ ಹಪ್ಪಳ ಆಗಿತ್ತು.

ನೀಲಿ ಚೌಕಡಿ ಶರ್ಟು. ಒಂದು ತೋಳು ಮಡಚಿದರು. ಇನ್ನೊಂದು ತೋಳು ಮಡಚಲಿಲ್ಲ. ಕಾಲರ್ ಕೆಳಗಿನ ಗುಂಡಿ ಕಿತ್ತು ಹೋಗಿತ್ತು, ದಾರದ ತುದಿ ಮಾತ್ರ ಉಳಿದಿತ್ತು. ಆ ದಾರದ ಮೇಲೆ ಹೆಬ್ಬೆರಳು ಆಡಿಸುತ್ತಾ, ಯಾರಿಗೋ ಹೇಳುವ ಹಾಗೆ ಹೇಳಿದರು: "ಗುಂಡಿ ಹಚ್ಚಿಕೊಡು ಅಂತ ಹದಿನೈದು ದಿನದಿಂದ ಹೇಳ್ತಿದ್ದ. ನಾಳೆ ಹಚ್ತೀನಿ, ನಾಳೆ ಹಚ್ತೀನಿ ಅಂದೆ."

ನನಗೆ ತಡೆಯಲಿಲ್ಲ. ಏನಾದರೂ ಹೇಳಬೇಕಿತ್ತು. ನಿಜ ಹೇಳಬೇಕೆಂದರೆ, ಅವರಿಗಾಗಿ ಅಲ್ಲ, ಆ ಹೆಬ್ಬೆರಳನ್ನು ನೋಡುತ್ತಾ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. "ಸಮಾಧಾನ ಮಾಡ್ಕೋರಿ ಕಾಕು. ದೇವರ ಚಿತ್ತ" ಅಂದುಬಿಟ್ಟೆ.

ಅವರು ತಲೆ ಎತ್ತಿದರು. "ನಿನಗ ಬಂದು ಹೇಳ್ಯಾನೇನು?"

ಸಿಟ್ಟಿನಿಂದ ಕೇಳಿದ್ದರೆ ನನಗೂ ಸುಲಭ ಆಗುತ್ತಿತ್ತು. ಹಾಗೆ ಕೇಳಲಿಲ್ಲ. ಇವತ್ತು ನಳಕ್ಕೆ ನೀರು ಬಂತೇನು ಅಂತ ಕೇಳುವ ದನಿ. ಗೊತ್ತಿದ್ದರೆ ಹೇಳು ಅನ್ನುವ ದನಿ. ನಾನು ಫ್ಲಾಸ್ಕಿನ ಮುಚ್ಚಳ ತಿರುವಿ ಲೋಟಕ್ಕೆ ಚಹಾ ಹಾಕಿದೆ. ಅರ್ಧ ಮೆಟ್ಟಿಲ ಮೇಲೆ ಚೆಲ್ಲಿತು.

ನಾನು ಇಪ್ಪತ್ತು ವರ್ಷದಿಂದ ಸಂಡೇ ಸ್ಕೂಲ್ ನಡೆಸುವವನು. ಸಭಾಪಾಲಕರು, ಅಂದರೆ ನಮ್ಮ ಚರ್ಚಿನ ಪಾಸ್ಟರ್, ಊರಲ್ಲಿ ಇಲ್ಲದಾಗ ಪ್ರಸಂಗವನ್ನೂ (ಉಪದೇಶ) ಮಾಡುತ್ತೇನೆ. ಈ ಎರಡು ಪದ ನನ್ನ ಬಾಯಿಗೆ ಎಷ್ಟು ರೂಢಿ ಆಗಿದೆ ಅಂದರೆ, ಸೀನಿದವರಿಗೆ ಚಿರಂಜೀವಿ ಅಂದ ಹಾಗೆ. ಪರೀಕ್ಷೆಯಲ್ಲಿ ಫೇಲಾದರೂ ದೇವರ ಚಿತ್ತ, ಲಗ್ನ ಮುರಿದರೂ ದೇವರ ಚಿತ್ತ.

ಆ ಮನೆಯಲ್ಲಿ ನಾನೊಬ್ಬನೇ ಹಾಗೆ ಮಾತಾಡಿದವನಲ್ಲ, ಅದೇನೂ ಸಮಾಧಾನದ ಮಾತಲ್ಲ ಬಿಡಿ. ಸಭೆಯ ಹಿರಿಯರೊಬ್ಬರು "ದೇವರು ತನ್ನ ತೋಟಕ್ಕ ಚಲೋ ಹೂವನ್ನ ನೋಡಿ ಕಿತ್ಕೊಳ್ತಾನ ತಂಗಿ" ಅಂದರು. ಆ ತೋಟದಲ್ಲಿ ಹೂವಿಗೆ ಅಷ್ಟು ಬರ ಬಂದಿದೆಯಾ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಇನ್ನೊಬ್ಬರು ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ದನಿ ಇಳಿಸಿ, "ಇತ್ತಿತ್ಲಾಗ ಚರ್ಚಿಗೆ ಬರ್ತಿದ್ದಿಲ್ಲ ನೋಡ್ರಿ" ಅಂದರು. ಇಂಥವರಿಗೆ ಲೂಕನ ಸುವಾರ್ತೆಯ 13ನೇ ಅಧ್ಯಾಯ ಓದಿ ಹೇಳಬೇಕು. ಯೆರೂಸಲೇಮಿನ ಸಿಲೊವದಲ್ಲಿ ಬುರುಜು ಬಿದ್ದು 18 ಮಂದಿ ಸತ್ತಾಗ, ಅವರೇನು ಊರಿನ ಮಿಕ್ಕವರಿಗಿಂತ ಹೆಚ್ಚು ಪಾಪಿಗಳಾ ಅಂತ ಯೇಸು ಕೇಳುತ್ತಾನೆ. ಅಲ್ಲ ಅಂತ ತಾನೇ ಉತ್ತರವನ್ನೂ ಕೊಡುತ್ತಾನೆ. ಎರಡು ಸಾವಿರ ವರ್ಷ ಆಯ್ತು. ಗೇಟಿನ ಹತ್ತಿರದ ಪಿಸುಮಾತು ನಿಂತಿಲ್ಲ.

ಆದರೆ ನನ್ನನ್ನು ಕಾಡಿದ್ದು ಬೇರೆ. ಎದುರುಮನೆಯ ಲಿಂಗಾಯತರ ಅಜ್ಜಿ ಬಂದಿದ್ದರು. ಕಾಕುನ ತೊಡೆ ಮೇಲೆ ಕೈ ಇಟ್ಟು "ಹಣೆಬರಹ ತಂಗಿ, ಯಾರ ಕೈಯಾಗ ಐತಿ?" ಅಂದರು. ಕಾಕು ಸುಮ್ಮನೆ ತಲೆ ಆಡಿಸಿದರು. ಆ ಮಾತು ಚುಚ್ಚಲಿಲ್ಲ. ನನ್ನದು ಚುಚ್ಚಿತು. ಎರಡೂ ಒಂದೇ ಮಾತಲ್ವಾ? ಒಂದು ಹಿಂದೂಗಳದ್ದು, ಇನ್ನೊಂದು ನಮ್ಮದು, ಅಷ್ಟೇ ಅಂದುಕೊಂಡಿದ್ದೆ.

ಎರಡು ರಾತ್ರಿ ಹೊರಳಾಡಿದ ಮೇಲೆ ಒಂದಿಷ್ಟು ಹೊಳೆಯಿತು. ಹಣೆಬರಹಕ್ಕೆ ಮುಖ ಇಲ್ಲ. ಅದನ್ನು ಯಾರೂ ಅಪ್ಪಾ ಅಂತ ಕರೆಯುವುದಿಲ್ಲ. ಅದು ನಿನ್ನನ್ನು ಪ್ರೀತಿಸುತ್ತದೆ ಅಂತ ಯಾವ ಅಜ್ಜಿಯೂ ಮೊಮ್ಮಕ್ಕಳಿಗೆ ಹೇಳಿಕೊಟ್ಟಿಲ್ಲ. ನಾವು ಹಾಗಲ್ಲ. ನಮ್ಮ ದೇವರನ್ನು ತಂದೆ ಅನ್ನುತ್ತೇವೆ, ತಲೆಯ ಕೂದಲನ್ನೂ ಎಣಿಸಿಟ್ಟಿದ್ದಾನೆ ಅನ್ನುತ್ತೇವೆ. ಆಮೇಲೆ ಅದೇ ತಂದೆ ಬೇಕಂತಲೇ ನಿನ್ನ ಮಗನನ್ನು ಕತ್ತಲಲ್ಲಿ ಲಾರಿಗೆ ಗುದ್ದಿಸಿದ ಅಂತ ಮಗ ಸತ್ತವಳ ಎದುರು ಹೇಳುತ್ತೇವೆ. ಉಪ್ಪಿಟ್ಟಿನ ಜೊತೆ.

ಚಿತ್ತ ಅನ್ನುವ ಪದದಲ್ಲೇ ಏನೋ ಮರೆ ಇದೆ ಅನ್ನಿಸುತ್ತದೆ. ಸತ್ಯವೇದದ, ಅಂದರೆ ಬೈಬಲಿನ, ಗ್ರೀಕ್ ಮೂಲದಲ್ಲಿ ಇರುವ ಪದ ಥೆಲೇಮ. ಬಯಸಿದ್ದು, ಇಷ್ಟಪಟ್ಟದ್ದು ಅಂತ ಅರ್ಥ. ನಮ್ಮವರು ಚಿತ್ತ ಅಂದರು. ಗಂಭೀರವಾದ, ಚಂದದ ಪದ, ಪ್ರಾರ್ಥನೆಗೆ ಒಪ್ಪುತ್ತದೆ. ಆದರೆ ಅದರ ಜಾಗದಲ್ಲಿ ಮನೆಮಾತಿನ ಪದ ಹಾಕಿ ನೋಡಿದೆ. "ಸಮಾಧಾನ ಮಾಡ್ಕೋರಿ ಕಾಕು. ಇದು ದೇವರ ಆಸೆ." ಒಬ್ಬನೇ ಕೂತಾಗಲೂ ಬಾಯಿ ಏಳಲಿಲ್ಲ.

ಇನ್ನೊಂದು. ದಿನಾ ಹೇಳುವ ಕರ್ತನ ಪ್ರಾರ್ಥನೆ. "ನಿನ್ನ ಚಿತ್ತವು ಪರಲೋಕದಲ್ಲಿ ನೆರವೇರುವ ಪ್ರಕಾರ ಭೂಲೋಕದಲ್ಲಿಯೂ ನೆರವೇರಲಿ." ನಾಲಿಗೆ ತಿರುಗಲು ಶುರುವಾದಾಗಿನಿಂದ ಹೇಳುತ್ತಿದ್ದೇನೆ. ನೆರವೇರಲಿ ಅಂತ ಬೇಡುತ್ತಿದ್ದೇವೆ ಅಂದರೆ, ಇಲ್ಲಿ ಅದು ಇನ್ನೂ ಪೂರ್ತಿ ನೆರವೇರುತ್ತಿಲ್ಲ ಅಂತಲೇ ಅಲ್ವಾ? ನಡೆಯುವುದೆಲ್ಲ ಅವನ ಚಿತ್ತವೇ ಆಗಿದ್ದರೆ ಈ ಸಾಲು ಯಾಕೆ ಬೇಕಿತ್ತು? ಐವತ್ತರ ಹತ್ತಿರ ಬಂದವನಿಗೆ ಇದು ಈ ವಾರ ಹೊಳೆಯಬೇಕಾ!

ಇದಕ್ಕೆ ಎದುರು ಮಾತು ಇದೆ, ನನಗೂ ಗೊತ್ತು. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ನನ್ನ ಚಿತ್ತವಲ್ಲ, ನಿನ್ನ ಚಿತ್ತ ಅಂದನಲ್ಲ? ಅಂದ. ಆದರೆ ಬೆವರು ಸುರಿಸುತ್ತಾ, ಈ ಪಾತ್ರೆ ನನ್ನಿಂದ ದಾಟಿಹೋಗಲಿ ಅಂತ ಮೊದಲು ಕೇಳಿಕೊಂಡು, ತನ್ನ ಸಾವಿನ ಬಗ್ಗೆ ಅಂದ. ಬೇರೆಯವರ ಮಕ್ಕಳ ಸಾವಿನ ಬಗ್ಗೆ ಎಲ್ಲೂ ಅಂದದ್ದು ನನಗೆ ಸಿಗಲಿಲ್ಲ. ನಾಯಿನ್ ಅನ್ನುವ ಊರಲ್ಲಿ ವಿಧವೆಯ ಒಬ್ಬನೇ ಮಗನ ಹೆಣ ಎದುರು ಬಂತು. ಕನಿಕರಪಟ್ಟ, ಅಳಬೇಡ ಅಂದ, ಹೋಗಿ ಚಟ್ಟ ಮುಟ್ಟಿದ. ಬೇಥಾನ್ಯದಲ್ಲಿ ಮಾರ್ಥ ಎದುರಿಗೇ ಬಂದು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂದಳು. ಅವಳನ್ನು ಗದರಲಿಲ್ಲ. ಆಮೇಲೆ ತಾನೇ ಅತ್ತ.

ನಮ್ಮವ್ವ ಅಪ್ಪ ಹೋದಾಗ ದೇವರ ಚಿತ್ತ ಅಂತಲೇ ಅನ್ನುತ್ತಿದ್ದಳು. ಅದೇ ಕೋಲು ಹಿಡಿದು ಹದಿನಾರು ವರ್ಷ ನಡೆದಳು. ಆ ಕೋಲನ್ನು ಕಸಿಯಲು ನಾನ್ಯಾರು? ಆದರೆ ಅವಳು ಅದನ್ನು ತನ್ನ ಕೈಯಾರೆ ಹಿಡಿದಿದ್ದಳು. ಗುರುವಾರ ನಾನು ಅದೇ ಕೋಲನ್ನು ಕಾಕುನ ಕಡೆ ಚಾಚಿದ್ದು ಹೊಡೆಯಲು ಎತ್ತಿದ ಹಾಗೆ ಕಂಡಿರಬೇಕು.

ನಾಚಿಕೆಯ ಸಂಗತಿ ಇನ್ನೂ ಇದೆ. ಇದೆಲ್ಲ ನಾನು ಓದಿಲ್ಲದ್ದೇನೂ ಅಲ್ಲ. ವಿಲಿಯಂ ಸ್ಲೋನ್ ಕಾಫಿನ್ ಅಂತ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನ ಪಾಸ್ಟರ್ ಇದ್ದರು. 1983ರ ಜನವರಿಯಲ್ಲಿ ಅವರ 24 ವರ್ಷದ ಮಗ ಬಾಸ್ಟನ್‌ನಲ್ಲಿ ಮಳೆಗಾಳಿಯ ರಾತ್ರಿ ಕಾರು ನೀರಿಗೆ ಬಿದ್ದು ಸತ್ತ. ಮನೆಗೆ ಅಡುಗೆ ಮಾಡಿಕೊಂಡು ಬಂದ ಹೆಂಗಸೊಬ್ಬರು ದೇವರ ಚಿತ್ತದ ಮಾತು ತೆಗೆದಾಗ ಕಾಫಿನ್ ಅವರ ಮೇಲೆ ಎಗರಿಬಿದ್ದರು. ಸುಮಾರು ಹತ್ತು ದಿನಕ್ಕೆ ಪುಲ್ಪಿಟ್ ಹತ್ತಿ ಅದನ್ನೇ ಹೇಳಿದರು. ಆ ಕಾರಿನ ಕೆಟ್ಟ ವೈಪರ್ ದೇವರ ಚಿತ್ತವಾ, ಆ ರಸ್ತೆಗೆ ದೀಪ ಇಲ್ಲದ್ದು, ತಡೆಗೋಡೆ ಇಲ್ಲದ್ದು ದೇವರ ಚಿತ್ತವಾ ಅಂತ ಕೇಳಿದರು. ಎಲ್ಲರಿಗಿಂತ ಮೊದಲು ಒಡೆದದ್ದು ದೇವರ ಎದೆ ಅಂದರು. ಈ ಕಥೆಯನ್ನು ಯುವಜನರ ಕೂಟದಲ್ಲಿ ನಾನೇ ಹೇಳಿದ್ದೇನೆ! ಚಪ್ಪಾಳೆ ಹೊಡೆದಿದ್ದರು. ಆಗ ಕಾಕುನ ಮಗ ಹಿಂದಿನ ಬೆಂಚಿನಲ್ಲಿ ಕೂತಿದ್ದನೇನೋ. ಇಷ್ಟು ಗೊತ್ತಿದ್ದವನು ಗುರುವಾರ ಡಬ್ಬಿ ಹಿಡಿದು ಹೋಗಿ ಆ ಹೆಂಗಸು ಹೇಳಿದ್ದನ್ನೇ ಹೇಳಿ ಬಂದೆ.

ಲಾರಿಯ ವಿಷಯವೂ ಆಮೇಲೆ ಹೊಳೆಯಿತು. ದೇವರ ಚಿತ್ತ ಅಂದ ಕೂಡಲೇ ಲಾರಿ ಕಣ್ಣಿಂದ ಮರೆಯಾಗಿಬಿಡುತ್ತದೆ. ದೀಪ ಹಾಕಿಸದ ಮಾಲೀಕ, ಟೊಂಗೆ ಇಡದ ಡ್ರೈವರ್, ದಿನಾ ಅಂಥ ಗಾಡಿಗಳನ್ನು ನೋಡಿಯೂ ಬಿಟ್ಟು ಕಳಿಸುವವರು, ಎಲ್ಲರೂ ಪಾರು. ನಾನು ಸಮಾಧಾನ ಹೇಳಿದ್ದು ಕಾಕುಗಾ, ಆ ಮಾಲೀಕನಿಗಾ?

ದೊಡ್ಡ ತಲೆಗಳೂ ಇದರಲ್ಲಿ ಎಡವಿವೆ. ಜರ್ಮನಿಯ ತತ್ವಜ್ಞಾನಿ ಲೈಬ್ನಿಜ್ 1710ರಲ್ಲಿ ಒಂದು ಪುಸ್ತಕವನ್ನೇ ಬರೆದು, ಇರಬಹುದಾದ ಲೋಕಗಳಲ್ಲೆಲ್ಲ ಒಳ್ಳೆಯದನ್ನೇ ದೇವರು ಆರಿಸಿದ್ದಾನೆ ಅಂತ ವಾದಿಸಿದ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಭೂಮಿ ನಡುಗಿತು. ಜನ ಚರ್ಚಿನಲ್ಲಿ ಸೇರಿದ್ದ ಹೊತ್ತು. ಅವರ ಮೇಲೆಯೇ ಚಾವಣಿ ಬಿತ್ತು. ಆ ವಾದವನ್ನು ಮೊದಲಿನ ಹಾಗೆ ನಂಬುವುದು ಯುರೋಪಿನ ಎಷ್ಟೋ ಜನರಿಗೆ ಆಮೇಲೆ ಆಗಲಿಲ್ಲ. ಕಾಕು ಇದನ್ನೆಲ್ಲ ಓದಿಲ್ಲ. ಮೂರು ಪದದಲ್ಲಿ ಕೇಳಿ ಮುಗಿಸಿದರು.

ಸತ್ಯವೇದದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳಕೊಂಡ ಯೋಬನ ಗೆಳೆಯರ ಬಗ್ಗೆ ನಾವು ಕೆಟ್ಟದಾಗಿ ಮಾತಾಡುತ್ತೇವೆ. ಆದರೆ ಅವರು ಮೊದಲು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಬಾಯಿ ಬಿಚ್ಚದೆ ಕೂತರು. ನನ್ನ ಕೈಲಿ ಏಳು ನಿಮಿಷ ಆಗಲಿಲ್ಲ. ಅವರು ಕೆಟ್ಟಿದ್ದು ಬಾಯಿ ಬಿಟ್ಟ ಮೇಲೆ. ದೇವರ ಪರವಾಗಿ ಒಳ್ಳೊಳ್ಳೆ ವಾದ ಹೂಡಿದರು. ಕೊನೆಗೆ ದೇವರೇ ಬಂದು ಅವರಲ್ಲೊಬ್ಬನಾದ ಎಲೀಫಜನಿಗೆ, ನನ್ನ ವಿಷಯದಲ್ಲಿ ಯೋಬ ಸರಿಯಾಗಿ ಮಾತಾಡಿದ, ನೀವು ಮಾತಾಡಲಿಲ್ಲ ಅನ್ನುತ್ತಾನೆ. ಹುಟ್ಟಿದ ದಿನವನ್ನೇ ಶಪಿಸಿ ಕೂಗಾಡಿದವನು ಸರಿಯಾಗಿ ಮಾತಾಡಿದವನು!

ಹಾಗಾದರೆ ದೇವರು ಆ ರಾತ್ರಿ ಎಲ್ಲಿದ್ದ? ಎಲ್ಲ ಬಲ್ಲವನು, ಎಲ್ಲ ಮಾಡಬಲ್ಲವನು ಅಂತ ಸಂಡೇ ಸ್ಕೂಲಿನಲ್ಲಿ ಕಲಿಸುತ್ತೇನೆ. ಅದನ್ನೂ ಬಿಡಲಾರೆ, ಕಾಕುನ ಪ್ರಶ್ನೆಯನ್ನೂ ಬಿಡಲಾರೆ. ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಲು ಬರುತ್ತಿಲ್ಲ.

ನಮ್ಮ ಸಭಾಪಾಲಕರು ಸಣ್ಣ ವಯಸ್ಸಿನವರು. ಅವರ ಪ್ರಸಂಗ ನಾನು ಮೆಚ್ಚಿದವನಲ್ಲ, ತಡವರಿಸುತ್ತಾರೆ. ಮಂಗಳವಾರ ಆ ಮನೆಗೆ ಬಂದವರು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಎರಡು ತಾಸು. ಸತ್ಯವೇದ ಬಗಲಲ್ಲೇ ಇತ್ತು, ತೆರೆಯಲಿಲ್ಲ. ನಡುವೆ ಎದ್ದು ಹೋಗಿ ನೀರಿನ ಕ್ಯಾನ್ ಹೊತ್ತು ತಂದರು. ಮತ್ತೆ ಅಲ್ಲೇ ಕೂತರು. ಹೇಳಲು ಇವರಿಗೆ ಏನೂ ತೋಚುತ್ತಿಲ್ಲ, ಪಾಪ, ಅಂತ ಅಂದುಕೊಂಡಿದ್ದೆ.

ಭಾನುವಾರ ಕಾಕು ಆರಾಧನೆಗೆ ಬಂದರು. ಯಾರೂ ಎಣಿಸಿರಲಿಲ್ಲ. ಮೂರನೇ ಬೆಂಚು, ಯಾವಾಗಲೂ ಕೂರುವ ಜಾಗ. ನಾನು ಸರಿಯಾಗಿ ಹಿಂದೆ ಇದ್ದೆ. ಕರ್ತನ ಪ್ರಾರ್ಥನೆ ಶುರುವಾಯಿತು. ಅವರ ದನಿ ಕೇಳುತ್ತಿತ್ತು, ಸ್ವಲ್ಪ ಒಡೆದ ದನಿ. "ನಿನ್ನ ರಾಜ್ಯವು ಬರಲಿ" ತನಕ ಬಂತು. ಆಮೇಲೆ ನಿಂತಿತು. ಸಭೆಯೆಲ್ಲ ಚಿತ್ತದ ಸಾಲನ್ನು ಹೇಳಿತು, ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. "ನಮ್ಮ ಅನುದಿನದ ಆಹಾರವನ್ನು" ಅಂತ ಮತ್ತೆ ಸೇರಿಕೊಂಡರು.

ಹೊರಗೆ ಬಂದಾಗ ನನ್ನನ್ನು ಕರೆದರು. ಎದೆ ಧಸಕ್ ಅಂದಿತು. "ನಿನ್ನ ಫ್ಲಾಸ್ಕ್ ನಮ್ಮನಿಯಾಗ ಉಳದೈತಿ. ಸಂಜಿಗೆ ಬಂದು ತಗೊಂಡ್ ಹೋಗು" ಅಂದರು.

ಸಂಜೆ ಹೋದೆ. ಫ್ಲಾಸ್ಕ್ ತೊಳೆದು ಬೋರಲು ಹಾಕಿದ್ದರು. ಚಹಾ ಮಾಡಿದರು. ನೀಲಿ ಚೌಕಡಿ ಶರ್ಟು ಕುರ್ಚಿಯ ಬೆನ್ನಿಗೆ ಇತ್ತು, ಗುಂಡಿ ಹಚ್ಚಿತ್ತು. ಬೇರೆ ಬಣ್ಣದ ಗುಂಡಿ. ಇಬ್ಬರೂ ಚಹಾ ಕುಡಿದೆವು. ಈ ಸಲ ನಾನು ಏನೂ ಹೇಳಲಿಲ್ಲ.

ಲೋಟ ಕೆಳಗಿಟ್ಟ ಮೇಲೆ ಅವರೇ ಕೇಳಿದರು. "ಆ ಲಾರಿ ಇನ್ನೂ ಸ್ಟೇಷನ್ ಮುಂದ ನಿಂತೈತೇನು?"

"ಇಲ್ಲ ಕಾಕು. ಬಿಡಿಸ್ಕೊಂಡು ಹೋದ್ರಂತ."

"ಹಿಂದಿನ ದೀಪ ಹಾಕ್ಸ್ಯಾರಂತೇನು?"

"ಗೊತ್ತಿಲ್ಲ ಕಾಕು."

"ನೋಡ್ಕೊಂಡು ಬಾ" ಅಂದರು.